ಧ್ವಜವೂ ಜವಾಬ್ದಾರಿ ಸರ್ಕಾರವೂ
(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)



ಪ್ರಜೆಗಳ ಚಳವಳಿಯಿಂದ ದೇಶವು ಹೇಗೆ ಮಾರ್ಪಡುವುದೆಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ವ್ಯಾಕರಣ ತರ್ಕಗಳನ್ನು ಓದಿಕೊಂಡ ನನಗೆ ರಾಜಕಾರಣದಲ್ಲಿ ಪ್ರವೇಶವು ಅಲ್ಪ. ಆದುದರಿಂದ ದೂರದ ದೇಶಗಳ ಗೊಡವೆಗೆ ಹೋಗದೆ, ಹಿಂದಿನ ಮೈಸೂರು ಸಂಸ್ಥಾನದಲ್ಲಿ ನಡೆದುದನ್ನೇ ವಿಚಾರಿಸುವೆನು.

1938ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನವು ಕೂಡಿತು. ತ್ರಿವರ್ಣಧ್ವಜವನ್ನು ಏರಿಸಕೂಡದೆಂದು ಸರ್ಕಾರದ ನಿಷೇಧಾಜ್ಞೆಯಿದ್ದಿತು. ಅಧ್ಯಕ್ಷರಾದ ಶ್ರೀ ಟಿ. ಸಿದ್ಧಲಿಂಗಯ್ಯನವರು 11ನೆಯ ತಾರೀಖು ಧ್ವಜವನ್ನೇರಿಸಿ ಸೆರೆಯಾದರು.

ಒಂದು ತುಂಡು ಬಟ್ಟೆಗಾಗಿ ಇಷ್ಟು ಹಟವೇಕೆಂದು ಕೇಳುವವರುಂಟು. ಲಾಂಛನದ ಬೆಲೆಯನ್ನು ನಮ್ಮ ಸಮಾಜಕ್ಕೆ ಹೇಳಿಕೊಡಬೇಕಾಗಿಲ್ಲ. ಹಣೆಯ ವಿಭೂತಿಯನ್ನು ಬರಿಯ ಬೂದಿಯೆಂದು ಬಗೆಯದ ನಾವು ಧ್ವಜವನ್ನು ಬರಿಯ ಬಟ್ಟೆಯೆಂದು ಬಗೆಯಲಾಗದು. ಸರ್ಕಾರದವರಾದರೂ ಹಾಗೆ ಬಗೆಯಲಿಲ್ಲ. ಧೂಮವನ್ನು ಕಂಡು ಅಗ್ನಿಯನ್ನು ಊಹಿಸುವ ತಾರ್ಕಿಕನಂತೆ ಅವರು ಧ್ವಜದ ಹಿಂದೆ ಮತ್ತೊಂದನ್ನು ಊಹಿಸಿದರು. ಆ ಊಹೆಯು ತಪ್ಪಾಗಿರಲಿಲ್ಲ. ಹಿಂದೆ ಇದ್ದುದು ಜವಾಬ್ದಾರಿ ಸರ್ಕಾರದ ಬೇಡಿಕೆ. ಮೈಸೂರಿನಲ್ಲಿ 1881ರಿಂದಲೂ ಪ್ರಜಾಪ್ರತಿನಿಧಿ ಸಭೆಯಿದ್ದಿತು, ನಿಜ. ಅಲ್ಲಿ ಪ್ರಜೆಗಳು ಅರಿಕೆ ಮಾಡಿಕೊಳ್ಳಬಹುದಾಗಿತ್ತು. ದಿವಾನರನ್ನು ಇಳಿಸುವ ಅಧಿಕಾರ ಮಾತ್ರ ಅವರಿಗೆ ಇರಲಿಲ್ಲ.

ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜದ ಸಲುವಾಗಿ ನೆರೆದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಮಡಿದವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕವೇ ಬೇರೆ, ಜನರ ಲೆಕ್ಕವೇ ಬೇರೆ. ಆ ವಾರ್ತೆಯು ದೇಶವನ್ನೆಲ್ಲ ಕಲಕಿತು. ಸರ್ದಾರ್ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ ಸರ್ ಮಿರ್ಜಾ ಇಸ್ಮಾಯಿಲ್‌ರವರೊಡನೆ ಮಾತನಾಡಿದರು. ಸಂಸ್ಥಾನದ ಬಾವುಟದ ಜೊತೆಯಲ್ಲಿ ತ್ರಿವರ್ಣಧ್ವಜವೂ ಹಾರಬಹುದೆಂದು ಒಪ್ಪಂದವಾಯಿತು. ಬರಿಗೈಯಲ್ಲಿ ನಿಂತವರ ಮರಣವು ಕೋವಿ ಹಿಡಿದ ಸರ್ಕಾರವನ್ನು ಮಾತಿಗೆ ಕೂರಿಸಿತು.

ಇನ್ನು ಈಸೂರಿನ ಮಾತು. ಶಿಕಾರಿಪುರ ತಾಲ್ಲೂಕಿನ ಆ ಗ್ರಾಮದವರು 1942ರಲ್ಲಿ ತಮ್ಮ ಊರು ಸ್ವತಂತ್ರವೆಂದು ಸಾರಿದರು. ಸೆಪ್ಟೆಂಬರ್ 28ರ ಘರ್ಷಣೆಯಲ್ಲಿ ಅಮಲ್ದಾರರೂ ಪೋಲೀಸ್ ಸಬ್ ಇನ್‌ಸ್ಪೆಕ್ಟರರೂ ಹತರಾದರು. 1943ನೆಯ ಮಾರ್ಚಿಯಲ್ಲಿ ಐವರು ಗಲ್ಲಿಗೇರಿದರು. ಆ ಐವರ ಧೈರ್ಯಕ್ಕೆ ನಾನು ತಲೆಬಾಗುವೆನು. ಜನರಿಗೆ ಪ್ರಚೋದನೆಯಿರಲಿಲ್ಲವೆಂದೂ ಹೇಳೆನು. ಆದರೆ, ಕೆಲವರಿಗೆ ಅಪ್ರಿಯವಾದೀತೆಂದು ಅರಿತೂ ಒಂದು ಮಾತನ್ನು ಮುಚ್ಚಿಡಲಾರೆ. ಸತ್ತ ಆ ಇಬ್ಬರು ಅಧಿಕಾರಿಗಳೂ ಈ ನಾಡಿನ ಮಕ್ಕಳೇ. ದಯಾಧರ್ಮವನ್ನು ಬೋಧಿಸುವ ಈ ಪೀಠದ ಮುಂದೆ ನಿಂತು ಅವರ ಮರಣವನ್ನು ವಿಜಯವೆಂದು ಕೊಂಡಾಡಲು ನನ್ನ ನಾಲಗೆ ಏಳದು. ವಿದುರಾಶ್ವತ್ಥದ ಬಳಿಕ ಸಂಧಾನವು ನಡೆಯಿತು. ಈಸೂರಿನ ಬಳಿಕ ನಡೆದುದು ದಂಡನೆ.

1947ನೆಯ ಆಗಸ್ಟಿನಲ್ಲಿ ಭಾರತವು ಸ್ವತಂತ್ರವಾದರೂ ಮೈಸೂರಿನಲ್ಲಿ ದಿವಾನರ ಆಡಳಿತವೇ ನಿಂತಿತು. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿಯು ಮೊದಲಾಯಿತು. ವಿದ್ಯಾರ್ಥಿಗಳು, ಕಾರ್ಮಿಕರು, ರೈತರು ಬೀದಿಗಿಳಿದರು; ಸೆರೆಮನೆಗಳು ತುಂಬಿದವು. ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿ, ಶ್ರೀ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಶಿವಪುರದಲ್ಲಿ ಬೇಡಿದುದು ಕೈಸೇರಲು ಒಂಬತ್ತೂವರೆ ವರ್ಷ ಹಿಡಿಯಿತು.

ಶಿವಪುರದ ಆ ಸ್ಥಳದಲ್ಲಿ ಈಗ ಸತ್ಯಾಗ್ರಹ ಸೌಧವಿದೆ. ನಮ್ಮ ಪಾಠಶಾಲೆಯ ವಿದ್ಯಾರ್ಥಿಗಳನ್ನು ಒಮ್ಮೆ ಅಲ್ಲಿಗೆ ಕಳುಹಿಸಿಕೊಡಬೇಕೆಂದು ಶ್ರೀಗಳವರಲ್ಲಿ ಬಿನ್ನವಿಸಿಕೊಳ್ಳುತ್ತೇನೆ.