ಮೊದಲು ಸೂರು



ಅಮೆರಿಕ ಸಿರಿವಂತ ದೇಶ. ಆದರೂ 2024ರ ಜನವರಿಯಲ್ಲಿ ಒಂದು ರಾತ್ರಿಯ ಲೆಕ್ಕ ತೆಗೆದಾಗ ಅಲ್ಲಿ 7,71,480 ಜನ ಮನೆಯಿಲ್ಲದೆ ಆಶ್ರಯತಾಣಗಳಲ್ಲೂ ಬೀದಿಗಳಲ್ಲೂ ಮಲಗಿದ್ದರು. ಬಾಡಿಗೆ ಏರಿತು, ಗಳಿಕೆ ಸಾಲದಾಯಿತು. ‘ಮೊದಲು ಕುಡಿತ ಬಿಡು, ಆಮೇಲೆ ಮನೆ’ ಎನ್ನುವುದು ಹಳೆಯ ಪದ್ಧತಿ. ಮಳೆಯಲ್ಲಿ ನೆನೆಯುವವನಿಗೆ, ಮೈ ಒಣಗಿಸಿಕೊಂಡು ಬಾ, ಕೊಡೆ ಕೊಡುತ್ತೇನೆ ಎಂದ ಹಾಗಾಯಿತು!

1992ರಲ್ಲಿ ನ್ಯೂಯಾರ್ಕಿನ ಸ್ಯಾಮ್ ಸೆಂಬೆರಿಸ್ ಎಂಬ ಮನೋವಿಜ್ಞಾನಿ ಇದನ್ನು ತಿರುವುಮುರುವು ಮಾಡಿದರು: ಮೊದಲು ಮನೆಯ ಕೀಲಿಕೈ, ಆಮೇಲೆ ಚಿಕಿತ್ಸೆ. ಅದೇ ದಾರಿ ಹಿಡಿದ ಹ್ಯೂಸ್ಟನ್ ನಗರ ಸುಮಾರು ಹತ್ತು ವರ್ಷಗಳಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಮನೆ ದೊರಕಿಸಿತು.

ಹಸಿದವನ ಯೋಗ್ಯತೆ ಕೇಳಿ ಅನ್ನ ಇಡುವುದುಂಟೆ? ಸೂರೂ ಹಾಗೆಯೇ. ಅಲ್ಲಿರುವ ನಿಮ್ಮ ಮಕ್ಕಳಿಗೆ ಹೇಳಿರಿ: ಒಂದು ಹೊತ್ತಿನ ಊಟ ಬಡಿಸಿದರೆ ಸಾಲದು, ಬಾಡಿಗೆಯ ಮುಂಗಡಕ್ಕೆ ನೆರವಾಗಿ, ಹೆಸರು ಕೇಳಿ ಮಾತನಾಡಿಸಿ.