ಪಾಚಿಯ ಎಣ್ಣೆ ಕೊನೆಗೆ ಬರಲಿ

ಕಿತ್ತೂರು ರಾಣಿ ಚೆನ್ನಮ್ಮನ ಹುಟ್ಟೂರಾದ ಕಾಕತಿಯಲ್ಲಿ ಪಾಚಿ ಕೃಷಿಯ ಪ್ರದರ್ಶನ ಏರ್ಪಟ್ಟಿರುವುದು ಯೋಗ್ಯವಾದ ಕೆಲಸ. ಇಲ್ಲಿ ಮಾರ್ಕಂಡೇಯ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಭೂತರಾಮನಹಟ್ಟಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇವೆ. ಪಾಚಿಗೆ ಬೇಕಾದ ಬಿಸಿಲು, ಇಂಗಾಲದ ಡೈಆಕ್ಸೈಡ್, ಅದನ್ನು ಅರಿತು ಬೆಳೆಸುವ ವಿದ್ಯೆ, ಮೂರೂ ಈ ಸುತ್ತಳತೆಯಲ್ಲೇ ಸಿಗುತ್ತವೆ. ಹೀಗಿರುವಾಗ ಪಾಚಿಯಿಂದ ಡೀಸೆಲ್ ತೆಗೆಯೋಣ ಎಂಬ ಉತ್ಸಾಹ ಸಹಜವಾಗಿಯೇ ಮೊದಲು ಹುಟ್ಟುತ್ತದೆ. ಆ ಉತ್ಸಾಹಕ್ಕೆ ನಾನು ವಿರೋಧಿಯಲ್ಲ. ಆದರೆ ಎಣ್ಣೆಯನ್ನು ಮೊದಲ ಗುರಿಯಾಗಿ ಇಟ್ಟುಕೊಂಡವರು ಜಗತ್ತಿನಲ್ಲೆಲ್ಲ ಸೋತಿದ್ದಾರೆ. ಆಹಾರ, ಮೇವು, ಗೊಬ್ಬರ, ಬಣ್ಣ ಎಂದು ಹೊರಟವರು ನಿಂತಿದ್ದಾರೆ. ಬೆಳಗಾವಿ ಜಿಲ್ಲೆ ಈ ಎರಡನೆಯ ದಾರಿ ಹಿಡಿಯಬೇಕು ಎಂಬುದೇ ಇವತ್ತು ನಾನು ಹೇಳಬೇಕಾಗಿರುವ ಮಾತು.

ಎಣ್ಣೆಯ ಕನಸಿನ ಚರಿತ್ರೆಯನ್ನು ಒಮ್ಮೆ ನೋಡಿ. ಪೆಟ್ರೋಲಿಯಂ ಬಿಕ್ಕಟ್ಟಿನ ದಿನಗಳಲ್ಲಿ, 1978ರಲ್ಲಿ, ಅಮೆರಿಕ ಸರ್ಕಾರ ಜಲಸಸ್ಯಗಳಿಂದ ಇಂಧನ ಪಡೆಯುವ ಸಂಶೋಧನೆ ಶುರುಮಾಡಿ 1996ರವರೆಗೆ ನಡೆಸಿತು. 3,000ಕ್ಕೂ ಹೆಚ್ಚು ಪಾಚಿ ತಳಿಗಳನ್ನು ಕಲೆಹಾಕಿದರು. ನ್ಯೂ ಮೆಕ್ಸಿಕೊದ ರಾಸ್‌ವೆಲ್‌ನಲ್ಲಿ 1,000 ಚದರ ಮೀಟರಿನ ತೆರೆದ ಕೊಳಗಳಲ್ಲಿ ಬೆಳೆಸಿದರು. ಒಳ್ಳೆಯ ದಿನ ಒಂದು ಚದರ ಮೀಟರಿಗೆ 50 ಗ್ರಾಂ ಪಾಚಿ ಸಿಕ್ಕಿದ್ದೂ ಉಂಟು. ರಾತ್ರಿಯ ಚಳಿಯ ದೆಸೆಯಿಂದ ಸರಾಸರಿ ಮಾತ್ರ ಅದಕ್ಕಿಂತ ಬಹಳ ಕೆಳಗೆ ಉಳಿಯಿತು. ಇನ್ನೊಂದು ತೊಡಕು ಪಾಚಿಯ ಸ್ವಭಾವದಲ್ಲೇ ಇತ್ತು. ಸಾರಜನಕ ಕೊಡದೆ ಉಪವಾಸ ಕೆಡವಿದರೆ ಅದು ಮೈಯಲ್ಲಿ ಎಣ್ಣೆ ತುಂಬಿಕೊಳ್ಳುತ್ತದೆ, ಆದರೆ ಬೆಳೆಯುವುದನ್ನೇ ನಿಧಾನಿಸುತ್ತದೆ. ಹೊಟ್ಟೆ ತುಂಬ ಕೊಟ್ಟರೆ ಬೆಳೆಯುತ್ತದೆ, ಎಣ್ಣೆ ಕಡಿಮೆ. ಒಟ್ಟು ಎಣ್ಣೆಯ ಲೆಕ್ಕದಲ್ಲಿ ಲಾಭ ಹುಟ್ಟಲಿಲ್ಲ. 2009ರಲ್ಲಿ ಎಕ್ಸಾನ್‌ಮೊಬಿಲ್‌ನಂಥ ತೈಲ ಕಂಪನಿಯೇ ಇದಕ್ಕೆ ಕೈಹಾಕಿತು. 2023ರ ಹೊತ್ತಿಗೆ ಹಿಂದೆ ಸರಿಯಿತು. ಹಣ, ವಿಜ್ಞಾನ, ತಾಳ್ಮೆ ಎಲ್ಲವೂ ಇದ್ದವರ ಕಥೆ ಇದು.

ಕಾರಣ ಸರಳ ಲೆಕ್ಕದಲ್ಲೇ ಕಾಣುತ್ತದೆ. ಒಂದು ಹೆಕ್ಟೇರ್ ಕೊಳದಲ್ಲಿ ಚದರ ಮೀಟರಿಗೆ ದಿನಕ್ಕೆ 15 ಗ್ರಾಂ ಇಳುವರಿ ಬಂತೆಂದು ಹಿಡಿಯೋಣ. ಒಣ ತೂಕದಲ್ಲಿ ದಿನಕ್ಕೆ 150 ಕಿಲೊ. ಹೊಲದ ಬಹುಪಾಲು ಬೆಳೆಗಳು ಕೊಡದಷ್ಟು. ಆದರೆ ಆ ಪಾಚಿ ಲೀಟರಿಗೆ ಸುಮಾರು ಅರ್ಧ ಗ್ರಾಮಿನಂತೆ ನೀರಿನಲ್ಲಿ ಚದುರಿಕೊಂಡಿರುತ್ತದೆ. 150 ಕಿಲೊ ಹಿಡಿಯಬೇಕಾದರೆ ದಿನವೂ 3 ಲಕ್ಷ ಲೀಟರ್ ನೀರನ್ನು ಸೋಸಬೇಕು, ಹಸಿ ಮುದ್ದೆಯನ್ನು ಒಣಗಿಸಬೇಕು, ಆಮೇಲೆ ಅದರ ಐದರಲ್ಲೊಂದು ಪಾಲು ಎಣ್ಣೆ ತೆಗೆದು ಪಂಪಿನ ಡೀಸೆಲ್ ದರಕ್ಕೆ ಮಾರಬೇಕು. ಸೋಸಿ ಒಣಗಿಸುವ ಖರ್ಚನ್ನು ಆ ದರ ಹೊರಲಾರದು. ಅದೇ ಕಿಲೊ ಪಾಚಿಯನ್ನು ಆಹಾರವಾಗಿ, ಮೀನು ಮರಿಗಳ ಮೇವಾಗಿ, ಬಣ್ಣವಾಗಿ ಮಾರಿದರೆ ಹೊರುತ್ತದೆ.

ಇದು ಬರಿಯ ಊಹೆಯಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ 1970ರ ದಶಕದಲ್ಲೇ ಜರ್ಮನಿಯ ಸಹಯೋಗದಿಂದ ಪಾಚಿ ಬೆಳೆಸುವ ಯೋಜನೆ ನಡೆಯಿತು. ಎಲ್.ವಿ. ವೆಂಕಟರಾಮನ್ ಮತ್ತು ಅವರ ಸಂಗಡಿಗರು ನಮ್ಮ ಬಿಸಿಲಿಗೆ, ನಮ್ಮ ಜೇಬಿಗೆ ಒಗ್ಗುವ ತೊಟ್ಟಿ ಬೇಸಾಯವನ್ನು ರೂಪಿಸಿದರು. ಎಣ್ಣೆಯ ಆಸೆಯಿಂದಲ್ಲ, ಪ್ರೋಟೀನಿನ ಕೊರತೆ ನೀಗಬೇಕೆಂಬ ಕಾಳಜಿಯಿಂದ. ಅಲ್ಲಿ ಬೆಳೆಸಿದ ಸ್ಪಿರುಲಿನಾ ಎಂಬ ಪಾಚಿಯ ಒಣ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನೇ. ಆಫ್ರಿಕಾದ ಚಾಡ್ ಸರೋವರದ ಹತ್ತಿರದ ಹೆಂಗಸರು ಇದನ್ನು ಬಟ್ಟೆಯಲ್ಲಿ ಸೋಸಿ, ಬಿಸಿಲಿಗೆ ಒಣಗಿಸಿ, ಸಾರಿಗೆ ಹಾಕುತ್ತ ಬಂದಿದ್ದಾರೆ. ಅದು ಸೋಡಾ ಬೆರೆತ ಕ್ಷಾರ ನೀರನ್ನು ಬಯಸುವುದರಿಂದ ಬೇರೆ ಪಾಚಿಗಳ ಕಾಟ ತಾನಾಗಿ ತಗ್ಗುತ್ತದೆ. ಸಣ್ಣ ರೈತನಿಗೂ ಅದು ದಕ್ಕುವುದು ಈ ಕಾರಣಕ್ಕೆ. ಅದರೊಳಗಿನ ನೀಲಿ ಬಣ್ಣವನ್ನು ಮಿಠಾಯಿಗಳಲ್ಲಿ ಬಳಸಲು ಅಮೆರಿಕ 2013ರಲ್ಲಿ ಒಪ್ಪಿಗೆ ಕೊಟ್ಟಿತು. ಕೃತಕ ಬಣ್ಣ ಬಿಡಬೇಕೆಂಬ ಒತ್ತಡ ಹೆಚ್ಚಿದಷ್ಟೂ ಇದಕ್ಕೆ ಬೇಡಿಕೆ ಹೆಚ್ಚುತ್ತದೆ.

ಹಾಗಾದರೆ ಇಂಧನದ ಮಾತನ್ನೇ ಬಿಟ್ಟುಬಿಡಬೇಕೆ ಎಂದು ಕೇಳಬಹುದು. ಬಿಡಬೇಕಿಲ್ಲ. ಸಕ್ಕರೆಯ ಅನುಭವವೇ ಇಲ್ಲಿ ದಾರಿ ತೋರುತ್ತದೆ. ರಾಜ್ಯದಲ್ಲೇ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆ ನಮ್ಮದು. ಕಬ್ಬಿನಿಂದ ಸಕ್ಕರೆಯೊಂದನ್ನೇ ಮಾಡಿದ ಕಾರ್ಖಾನೆ ಏದುಸಿರು ಬಿಟ್ಟಿತು. ಸಿಪ್ಪೆಯಿಂದ ವಿದ್ಯುತ್ತು, ಕಾಕಂಬಿಯಿಂದ ಎಥೆನಾಲ್, ಮಡ್ಡಿಯಿಂದ ಗೊಬ್ಬರ ಮಾಡಿದ ಮೇಲೆ ಉಸಿರು ಹಿಡಿಯಿತು. ಎಥೆನಾಲ್ ಮೊದಲು ಬಂದು ಸಕ್ಕರೆ ಆಮೇಲೆ ಬಂದದ್ದಲ್ಲ. ಪಾಚಿಯೂ ಹೀಗೆಯೇ. ಬೆಲೆಬಾಳುವ ಬಣ್ಣ, ಪ್ರೋಟೀನು ತೆಗೆದ ಮೇಲೆ ಉಳಿದ ಹಿಂಡಿಯನ್ನು ಜೈವಿಕ ಅನಿಲದ ತೊಟ್ಟಿಗೆ ಹಾಕಿದರೆ ಅದೂ ಇಂಧನವೇ, ಒಣಗಿಸುವ ಖರ್ಚೂ ಇಲ್ಲದ ಇಂಧನ.

ಕಾರ್ಖಾನೆಯ ಹೊಗೆಯನ್ನೆಲ್ಲ ಪಾಚಿ ನುಂಗಿಬಿಡುತ್ತದೆ ಎಂಬ ಮಾತೂ ಈಚೆಗೆ ಕಿವಿಗೆ ಬೀಳುತ್ತಿದೆ. ಇದನ್ನು ನಂಬಬೇಡಿ. ಕಾಕಂಬಿ ಹುಳಿತು ಒಂದು ಲೀಟರ್ ಎಥೆನಾಲ್ ಆಗುವಾಗ ಸುಮಾರು 750 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ದಿನಕ್ಕೆ 60,000 ಲೀಟರ್ ತೆಗೆಯುವ ಡಿಸ್ಟಿಲರಿಯಿಂದ 45 ಟನ್. ಒಂದು ಕಿಲೊ ಪಾಚಿ ಹೀರುವುದು ಸುಮಾರು 1.8 ಕಿಲೊ, ಅಂದರೆ ನಮ್ಮ ಒಂದು ಹೆಕ್ಟೇರ್ ಕೊಳಕ್ಕೆ ದಿನಕ್ಕೆ 270 ಕಿಲೊ ಸಾಕು. ಒಂದೇ ಡಿಸ್ಟಿಲರಿಯ ಅನಿಲ ಮುಗಿಯಬೇಕಾದರೆ 160 ಹೆಕ್ಟೇರಿಗೂ ಮಿಕ್ಕಿ ಕೊಳ ಬೇಕು, ಅದೂ ರಾತ್ರಿ ಕೆಲಸ ಮಾಡುವುದಿಲ್ಲ. ಆದ್ದರಿಂದ ಪಾಚಿ ಕಾರ್ಖಾನೆಯ ಪಾಪ ತೊಳೆಯುವ ಸಾಧನವಲ್ಲ. ಆದರೆ ಇದೇ ಲೆಕ್ಕ ಇನ್ನೊಂದು ಸತ್ಯವನ್ನೂ ಹೇಳುತ್ತದೆ: ಪಾಚಿ ಬೆಳೆಗಾರನಿಗೆ ದುಬಾರಿಯಾದ ಈ ಅನಿಲ ನಮ್ಮಲ್ಲಿ ಶುದ್ಧ ರೂಪದಲ್ಲೇ ಬೇಕಾದಷ್ಟಿದೆ. ಹುಳಿಯುವ ತೊಟ್ಟಿಯ ಅನಿಲ ಬೇರೆ, ಕಲ್ಲಿದ್ದಲು ಬಾಯ್ಲರಿನ ಹೊಗೆ ಬೇರೆ. ಗಂಧಕ, ಲೋಹಗಳಿರುವ ಹೊಗೆಯಲ್ಲಿ ಬೆಳೆದದ್ದನ್ನು ಮಕ್ಕಳ ತಟ್ಟೆಗೆ ಹಾಕಲಾಗದು.

ನೀರಿನ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮಾರ್ಕಂಡೇಯ ನದಿಯ ರಕ್ಕಸಕೊಪ್ಪ ಜಲಾಶಯ ಬೆಳಗಾವಿಗೆ ಕುಡಿಯುವ ನೀರು ಕೊಡುತ್ತದೆ. ಅದರಲ್ಲಿ ಒಂದು ಬಿಂದಿಗೆಯನ್ನೂ ಪಾಚಿಗೆ ಕೇಳುವಂತಿಲ್ಲ. ಸೋಸಿದ ನೀರು ಮತ್ತೆ ಕೊಳಕ್ಕೇ ಹೋಗುವುದರಿಂದ ನಿಜವಾದ ಖರ್ಚು ಆವಿಯಾಗುವಷ್ಟು ಮಾತ್ರ: ದಿನಕ್ಕೆ 5 ಮಿಲಿಮೀಟರ್ ಹಿಡಿದರೆ ಹೆಕ್ಟೇರಿಗೆ 50,000 ಲೀಟರ್, ಕಿಲೊ ಪಾಚಿಗೆ 330 ಲೀಟರಿನಷ್ಟು. ಭತ್ತದ ಮುಂದೆ ಇದು ಬಹಳ ಕಡಿಮೆ. ಮೇವಿಗೂ ಬಣ್ಣಕ್ಕೂ ಸವಳು ಬಾವಿಯ ನೀರು ನಡೆಯುತ್ತದೆ. ಡಿಸ್ಟಿಲರಿಯ ಕಪ್ಪು ನೀರಿನಲ್ಲಿ ಮಾತ್ರ ಬೆಳಕೇ ಇಳಿಯದು. ಮೊದಲು ಜೈವಿಕ ಅನಿಲ ತೆಗೆದು ಬಹಳ ತಿಳಿಗೊಳಿಸಿದ ಮೇಲೆ ಗೊಬ್ಬರದ ಪಾಚಿಗೆ ಬಳಸಬಹುದು, ತಿನ್ನುವ ಪಾಚಿಗೆ ಎಂದೂ ಕೂಡದು.

ತೆರೆದ ತೊಟ್ಟಿಯ ಬೇಸಾಯ ಜಿಲ್ಲೆಯ ಎಲ್ಲ ಕಡೆಗೂ ಒಗ್ಗದು, ಖಾನಾಪುರದ ಮಾತು ಬೇರೆ. ಕಣಕುಂಬಿ, ಜಾಂಬೋಟಿ ಕಡೆಯ ಮಳೆಗೆ ತೆರೆದ ತೊಟ್ಟಿ ಉಕ್ಕಿ ಹರಿದೀತು. ಸ್ಪಿರುಲಿನಾ ಅಥಣಿ, ರಾಯಬಾಗ, ರಾಮದುರ್ಗದ ಬಿಸಿಲಿಗೆ ಸರಿ. ಆದರೆ ಖಾನಾಪುರದ ಭತ್ತದ ಗದ್ದೆಗೆ ಬೇರೊಂದು ಪಾಚಿ ಹೇಳಿ ಮಾಡಿಸಿದ್ದು. ಗದ್ದೆಯ ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಬೆಳೆಗೆ ಕೊಡುತ್ತದೆಂದು ವಿಜ್ಞಾನಿ ಪಿ.ಕೆ. ಡೇ 1939ರಲ್ಲೇ ತೋರಿಸಿದರು. ಅನುಕೂಲ ಇದ್ದಲ್ಲಿ ಹೆಕ್ಟೇರಿಗೆ 20ರಿಂದ 30 ಕಿಲೊ ಸಾರಜನಕ ಸಿಗುತ್ತದೆ. ಇದನ್ನು ಮನೆಯ ಹಿತ್ತಲಲ್ಲಿ ತಗಡಿನ ತಟ್ಟೆಯಲ್ಲಿ, ಮಣ್ಣು ಮತ್ತು ಸೂಪರ್ ಫಾಸ್ಫೇಟ್ ಹಾಕಿ ಬೆಳೆಸಿ, ಒಣಗಿಸಿ, ನಾಟಿಯಾಗಿ ಸುಮಾರು ಒಂದು ವಾರಕ್ಕೆ ಗದ್ದೆಗೆ ಎರಚಬಹುದು. ಯೂರಿಯಾ ಸುಲಭವಾಗಿ ಸಿಕ್ಕಿದ್ದರಿಂದ ಈ ವಿದ್ಯೆ ಮೂಲೆಗೆ ಬಿದ್ದಿತು. ನೈಸರ್ಗಿಕ ಅನಿಲದಿಂದ ಮಾಡುವ ಯೂರಿಯಾದಲ್ಲಿ ಅಷ್ಟು ಉಳಿಸಿದರೆ ಅದೂ ಇಂಧನ ಉಳಿಸಿದಂತೆಯೇ. ಈ ಪ್ರದರ್ಶನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದು.

ರೈತರಲ್ಲಿ ಒಂದು ಎಚ್ಚರಿಕೆಯ ಮಾತು. ಡೀಸೆಲ್ ಗಿಡವೆಂದು ದೇಶದ ತುಂಬ ಜಟ್ರೋಫಾ ಹಚ್ಚಿಸಿದ ದಿನಗಳು ನಿಮಗೆ ನೆನಪಿರಬಹುದು. ಹೇಳಿದ ಇಳುವರಿ ಬರಲಿಲ್ಲ, ಬೀಜ ಕೊಳ್ಳುವವರೂ ಬರಲಿಲ್ಲ. ಆದ್ದರಿಂದ ಇಲ್ಲಿ ಯಾರಾದರೂ ತೊಟ್ಟಿ, ತಳಿ ಮಾರಲು ಬಂದರೆ ಬೆಳೆದದ್ದನ್ನು ಯಾರು ಕೊಳ್ಳುತ್ತಾರೆ, ಯಾವ ದರಕ್ಕೆ, ಬರವಣಿಗೆಯಲ್ಲಿ ಕೊಡುತ್ತೀರಾ ಎಂದು ಕೇಳಿ. ವಿಷಕಾರಿ ಪಾಚಿಯ ಬೆರಕೆಯನ್ನೂ ಲೋಹದ ಅಂಶವನ್ನೂ ಪರೀಕ್ಷಿಸಿದ ವರದಿ ತೋರಿಸಲು ಹೇಳಿ. ಸ್ಪಿರುಲಿನಾ ಸರ್ವರೋಗಕ್ಕೂ ಮದ್ದು ಎನ್ನುವವರನ್ನು ದೂರವಿಡಿ. ಅದರಲ್ಲಿರುವ ಬಿ12 ಬಹುಪಾಲು ನಮ್ಮ ಮೈಗೆ ದಕ್ಕದ ರೂಪದ್ದು.

ಸಕ್ಕರೆ ಕಾರ್ಖಾನೆಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟೆ. ಡಿಸ್ಟಿಲರಿ ಇರುವ ಒಂದು ಕಾರ್ಖಾನೆಯಾದರೂ ತನ್ನ ಆವರಣದಲ್ಲಿ ಒಂದು ಎಕರೆ ಕೊಡಲಿ, ಹುಳಿಯುವ ತೊಟ್ಟಿಯಿಂದ ಒಂದು ಕೊಳವೆ ಎಳೆಯಲಿ. ಪರೀಕ್ಷೆಯ ಹೊಣೆಯನ್ನು ವಿಶ್ವವಿದ್ಯಾಲಯ ವಹಿಸಿಕೊಳ್ಳಲಿ. ಮೂರು ವರ್ಷದ ಇಳುವರಿ, ಖರ್ಚು, ಮಾರಾಟದ ಲೆಕ್ಕವನ್ನು ಲಾಭವಾಗಲಿ ನಷ್ಟವಾಗಲಿ ರೈತರ ಮುಂದೆ ಕನ್ನಡದಲ್ಲಿ ಇಡಿ. ಆ ಲೆಕ್ಕ ಕೈಗೆ ಬರುವವರೆಗೆ ಯಾವ ರೈತನೂ ಸಾಲ ಮಾಡಿ ತೊಟ್ಟಿ ಕಟ್ಟುವುದು ಬೇಡ. ಪ್ರದರ್ಶನ ತೆರೆದಿದೆ, ಒಳಗೆ ಬನ್ನಿ, ಎಲ್ಲವನ್ನೂ ನೋಡಿ, ಸಂಕೋಚವಿಲ್ಲದೆ ಪ್ರಶ್ನೆ ಕೇಳಿ.