ಓದದೆ ಹೆಬ್ಬೆಟ್ಟು ಒತ್ತಬೇಡಿ

(ಜನವರಿ 3ರಂದು ನಮ್ಮೂರ ಶಾಲೆ ಬಯಲಿನಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಲೆ, ಸಾಲ, ಬಡ್ಡಿ ಅಂತ ಮಾತಾಡುವ ಜಾಗದಲ್ಲಿ ಇವತ್ತು ಒಬ್ಬ ಮೇಡಂ ವಿಷಯ ಯಾಕೆ ಅಂತ ನಿಮಗೆ ಅನ್ನಿಸಬಹುದು. ಕೊನೇತನಕ ಕೇಳಿ, ಆಮೇಲೆ ಹೇಳಿ.

ಸಾವಿತ್ರಿಬಾಯಿ ಫುಲೆಯವರು ಹುಟ್ಟಿದ್ದು 1831ರ ಇದೇ ಜನವರಿ 3ರಂದು, ಸಾತಾರಾ ಜಿಲ್ಲೆಯ ನಾಯಗಾಂವ್ ಎಂಬ ಹಳ್ಳಿಯಲ್ಲಿ. ಮಾಳಿ ಜನ; ಹೂವು, ತರಕಾರಿ ಬೆಳೆದು ಬದುಕುವವರು. ಒಂಬತ್ತು ವರ್ಷಕ್ಕೇ ಮದುವೆ. ಗಂಡ ಜೋತಿಬಾ ಹದಿಮೂರರ ಹುಡುಗ. ಆಯಮ್ಮ ಅಕ್ಷರ ಕಲಿತದ್ದು ಗಂಡನ ಮನೆಗೆ ಬಂದ ಮೇಲೆ, ಗಂಡನಿಂದಲೇ.

1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ದಂಪತಿಗಳು ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಶಾಲೆಗೆ ಹೋಗುವ ದಾರಿಯಲ್ಲಿ ಜನ ಸಾವಿತ್ರಿಬಾಯಿ ಮೇಲೆ ಸಗಣಿ, ಮಣ್ಣು ಎರಚಿದರು. ಆಕೆ ಜಗಳಕ್ಕೆ ನಿಲ್ಲಲಿಲ್ಲ, ವಾಪಸೂ ಹೋಗಲಿಲ್ಲ. ಇನ್ನೊಂದು ಸೀರೆ ಜೊತೆಗೆ ಒಯ್ದು, ಶಾಲೆಯಲ್ಲಿ ಬದಲಾಯಿಸಿ ಪಾಠ ಮಾಡಿದರು. ಮಾವ ಮನೆ ಬಿಡಿಸಿದಾಗ ಉಸ್ಮಾನ್ ಶೇಖ್ ಎಂಬುವರು ಜಾಗ ಕೊಟ್ಟರು. ಫಾತಿಮಾ ಶೇಖ್ ಆಕೆಯ ಜೊತೆ ಪಾಠಕ್ಕೆ ನಿಂತರು. 1855ರಲ್ಲಿ ರೈತರಿಗೆ, ಕೂಲಿಯವರಿಗೆ ರಾತ್ರಿ ಶಾಲೆಯನ್ನೂ ನಡೆಸಿದರು.

ಹಗಲೆಲ್ಲ ನೇಗಿಲು ಹಿಡಿದವನಿಗೆ ರಾತ್ರಿ ಅಕ್ಷರ ಯಾಕೆ ಬೇಕಿತ್ತು? ಆ ಕಾಲದ ರೈತನ ಭೂಮಿ ಸಾಹುಕಾರನ ಪತ್ರದಲ್ಲಿತ್ತು. ಬರೆಯುವವನು ಸಾಹುಕಾರ, ಹೆಬ್ಬೆಟ್ಟು ಒತ್ತುವವನು ರೈತ. 1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪೆಯಲ್ಲಿ ರೈತರು ಎದ್ದು ಸಾಲಪತ್ರ ಕಿತ್ತು ಸುಟ್ಟರು. ಆ ಬೆಂಕಿ ಊರೂರಿಗೆ ಹಬ್ಬಿತು. 1879ರಲ್ಲಿ ಸರ್ಕಾರ ರೈತರ ಪರಿಹಾರಕ್ಕೆ ಕಾಯ್ದೆ ತಂದಿತು. ಹೊಡೆದವರೂ ಇಲ್ಲಿ ಸುಟ್ಟದ್ದು ಮುಖ್ಯವಾಗಿ ಕಾಗದವನ್ನು. ತಮ್ಮ ಕತ್ತು ಎಲ್ಲಿ ಸಿಕ್ಕಿಕೊಂಡಿದೆ ಅಂತ ಅವರಿಗೆ ಗೊತ್ತಿತ್ತು.

ಸೂಪೆಯ ದಂಗೆಯ ಮರು ವರ್ಷವೇ ದೊಡ್ಡ ಬರ. ಈ ಮೇಡಂ ಪಾಠ ಹೇಳಿಕೊಂಡು ಪುಣೆಯಲ್ಲೇ ಕೂರಲಿಲ್ಲ. ಜುನ್ನರ್ ಕಡೆಯ ಒತೂರಿಗೆ ಹೋಗಿ ಬರದ ಕೆಲಸಕ್ಕೆ ನಿಂತರು. ಸಾಹುಕಾರರ ಕಾಟದಿಂದ ಅಲ್ಲಿ ಗಲಭೆ ಎದ್ದು, ಪೊಲೀಸರು ಸತ್ಯಶೋಧಕ ಸಮಾಜದ ಐವತ್ತು ಜನರನ್ನು ಹಿಡಿದರು. ಸಾವಿತ್ರಿಬಾಯಿ ಕಲೆಕ್ಟರ್ ಎದುರು ನಿಂತು, ಇವರನ್ನು ಯಾಕೆ ಹಿಡಿದಿರಿ ಅಂತ ಕೇಳಿದರು. ಜನ ಬಿಡುಗಡೆಯಾದರು, ನಾಲ್ಕು ಗಾಡಿ ಜೋಳವೂ ಬಂತು. 1877ರ ಏಪ್ರಿಲಿನಲ್ಲಿ ಗಂಡನಿಗೆ ಬರೆದ ಕಾಗದದಲ್ಲಿ ಇದೆಲ್ಲ ಇದೆ.

ಜೋತಿಬಾ 1882ರಲ್ಲಿ ಹಂಟರ್ ಶಿಕ್ಷಣ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ, ಖಜಾನೆ ತುಂಬುವುದು ರೈತನ ದುಡಿಮೆ, ವಿದ್ಯೆ ಸಿಗುವುದು ಮೇಲಿನವರಿಗೆ ಎಂದು ನೇರವಾಗಿ ಹೇಳಿದರು. ಮರು ವರ್ಷ ರೈತನ ಪಾಡಿನ ಮೇಲೆ ‘ಶೇತ್ಕರ್ಯಾಚಾ ಆಸೂಡ್’ ಬರೆದರು. ಹಾಗಂದರೆ ರೈತನ ಚಾಟಿ. ಜೋತಿಬಾ 1890ರಲ್ಲಿ ತೀರಿಕೊಂಡರು. 1897ರಲ್ಲಿ ಪ್ಲೇಗ್ ಬಂದಾಗ ಸಾವಿತ್ರಿಬಾಯಿ ರೋಗ ತಗುಲಿದ ಒಂದು ಹುಡುಗನನ್ನು ಹೊತ್ತು ಮಗನ ಆಸ್ಪತ್ರೆಗೆ ತಂದರು. ಅದೇ ರೋಗ ಅಂಟಿ ಮಾರ್ಚ್ 10ರಂದು ಸತ್ತರು. ಆಗ ವಯಸ್ಸು 66.

ಈಗ ನನ್ನ ವಿಷಯ. ನಮ್ಮಪ್ಪ ಹೆಬ್ಬೆಟ್ಟು. ತಂದದ್ದು 600 ರೂಪಾಯಿ, ಪತ್ರದಲ್ಲಿದ್ದದ್ದು 1600. ಕೊಟ್ಟಿಗೆ ಹಿಂದಿನ ತಾಕು ಹೋಯಿತು. ಅದನ್ನು ನೋಡಿ ಬೆಳೆದ ನಾನಾದರೂ ಬುದ್ಧಿ ಕಲಿತೆನೇ? ಟೊಮೇಟೊ ಬೆಲೆ ಬಿದ್ದ ವರ್ಷ ದೊಡ್ಡ ಮಗಳನ್ನು ಒಂಬತ್ತನೇ ಕ್ಲಾಸಿಗೇ ಬಿಡಿಸಿದೆ. ಎಮ್ಮೆ ಮಾರಲಿಲ್ಲ, ಮಗಳ ಓದು ಮಾರಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಚಿಕ್ಕವಳು ಓದಿದಳು. ಹೋದ ವರ್ಷ ನಮ್ಮ ಸಾಲದ ಲೆಕ್ಕದ ಹಾಳೆ ನೋಡಿ, ‘ಅಪ್ಪ, ನೀನು ಕಟ್ಟಿದ ಒಂದು ಕಂತು ಇದರಲ್ಲಿ ಜಮಾ ಆಗಿಲ್ಲ’ ಅಂದಳು. ರಸೀದಿ ಹಿಡಿದು ಇಬ್ಬರೂ ಹೋದೆವು. ತಿದ್ದಿ ಕೊಟ್ಟರು.

ಅಕ್ಷರ ಬಂದರೆ ಸಾಲ ತೀರುತ್ತೆ ಅಂತ ನಾನು ಹೇಳೋದಿಲ್ಲ. ಸಾಲ ತೀರೋದು ಬೆಳೆಗೆ ಬೆಲೆ ಸಿಕ್ಕಾಗ. ಆದರೆ ನಿಜವಾದ ಸಾಲ ಎಷ್ಟು, ಬರೆದ ಸಾಲ ಎಷ್ಟು ಅಂತ ತಿಳಿಯೋದಕ್ಕೆ ಅಕ್ಷರವೇ ಬೇಕು.

ಅದಕ್ಕೆ ಎರಡು ಮಾತು ಕೇಳಿಕೊಳ್ಳುತ್ತೇನೆ. ಸಾಲದ ಕಾಗದ ಯಾವುದೇ ಇರಲಿ, ಮನೆಯಲ್ಲಿ ಓದಿದವರ ಕೈಲಿ ಓದಿಸದೆ ಸಹಿ ಹಾಕಬೇಡಿ. ಬಡ್ಡಿ ಕಟ್ಟೋದಕ್ಕೆ ಅಂತ ಹೆಣ್ಣುಮಕ್ಕಳ ಶಾಲೆ ಬಿಡಿಸಬೇಡಿ. ಅಂಥ ಕಷ್ಟ ಬಂದರೆ ಸಂಘಕ್ಕೆ ಬಂದು ಹೇಳಿ, ಕೂತು ದಾರಿ ಹುಡುಕೋಣ. ನನಗೆ ಆಗ ಹಾಗೆ ಬಂದು ಹೇಳಲು ನಾಚಿಕೆಯಾಗಿತ್ತು. ನಿಮಗೆ ಆಗಬಾರದು.